ವಸ್ತ್ರದಡಿಯ ಕೈ

ಗುತ್ತಲ,
ಫೆಬ್ರವರಿ ಮೂವತ್ತೊಂದು, ೨೨೩೧

ಚಿರಂಜೀವಿ ಸಂಪ್ರೀತಾಳಿಗೆ ಉಳವಪ್ಪ ಮಾವ ಮಾಡುವ ಆಶೀರ್ವಾದಗಳು.

ತಾರೀಖು ನೋಡಿ ನಗಬೇಡ. ಮೇ ತಿಂಗಳ ಬಿಸಿಲು ತಡೆಯಲಾರದೆ ನಮ್ಮವರು ಅದರಿಂದ ಮೂರು ದಿನ ಕಿತ್ತು ಫೆಬ್ರವರಿಗೆ ಹಚ್ಚಿದ್ದಾರೆ. ಬಿಸಿಲೇನೂ ಕಡಿಮೆಯಾಗಲಿಲ್ಲ, ಮೇ ಬೇಗ ಮುಗಿಯಿತೆಂಬ ಸಮಾಧಾನ ಅಷ್ಟೇ. ನಿನಗೆ ತಿಳಿಯದ ಮಾತುಗಳು ಬಂದರೆ ಕ್ಷಮಿಸು. ಇಲ್ಲಿಯ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವನು ನಾನು. ಆ ಏಳರಲ್ಲಿ ಐದು ವರ್ಷ ನಾನೇ ಮೊದಲಿಗ. ಉಳಿದೆರಡು ವರ್ಷ ಮಾಸ್ತರರಿಗೆ ಕಣ್ಣು ಮಂಜಾಗಿತ್ತು. ಸಂಬಂಧ ಹಿಡಿದರೆ ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿ. ವಯಸ್ಸು ಹಿಡಿದರೆ ನಿನಗೆ ಇಪ್ಪತ್ಮೂರು, ನನಗೆ ಅರವತ್ತೆರಡು. ಇಪ್ಪತ್ಮೂರರ ಹುಡುಗಿಯ ಕಾಲಿಗೆ ಬೀಳಲು ನನ್ನ ಮೊಣಕಾಲು ಒಪ್ಪುವುದಿಲ್ಲ. ಆದ್ದರಿಂದ ನೀನು ನನ್ನನ್ನು ಮಾವ ಎನ್ನು, ನಾನು ನಿನ್ನನ್ನು ಮಗಳೇ ಎನ್ನುತ್ತೇನೆ.

ಇದು ಹಿಮ್ಮುಖ ಅಂಚೆಯಲ್ಲಿ ಬರುತ್ತಿರುವ ಕಾಗದ. ಹಿಂದಿನ ಕಾಲದವರಿಗೆ ಬರೆಯಲು ನಮಗೆ ಜನ್ಮಕ್ಕೊಂದೇ ಅವಕಾಶ, ಅದೂ ಹೆಸರು, ವಿಳಾಸ, ದಿನ ಮೂರೂ ಸರಿಯಿದ್ದರೆ ಮಾತ್ರ. ನಿನ್ನ ಮೇಜಿನ ಮೇಲೆ ಈಗ ಮುಂಬಯಿಯ ಕಂಪನಿಯೊಂದರ ಪತ್ರವಿದೆ. ಗಿರಾಕಿಗಳ ಹಣ ಮುಟ್ಟದೆ ತನ್ನದೇ ಹಣ ಹಾಕಿ ಕೊಂಡು ಮಾರುವ ಕಂಪನಿ. ನೀವು ಪ್ರೊಪ್ರೈಟರಿ ಟ್ರೇಡಿಂಗ್ ಎನ್ನುತ್ತೀರಿ, ನಾವು ಸ್ವಂತಗಂಟಿನ ಮನೆ ಎನ್ನುತ್ತೇವೆ. ಟ್ರೇಡರ್ ಆಗಿ ಬಾ ಎಂದಿದ್ದಾರೆ, ಸೋಮವಾರದೊಳಗೆ ಸಹಿ ಮಾಡಬೇಕು. ನಾವು ಬಲ್ಲಂತೆ ನೀನು ಸಹಿ ಮಾಡಿದೆ, ಮುಂದೆ ನಿನ್ನದೇ ಮನೆ ಕಟ್ಟಿದೆ, ನಿನ್ನ ವಂಶವೆಲ್ಲ ಅದರಲ್ಲೇ ಬೆಳೆಯಿತು. ಅದನ್ನು ತಪ್ಪಿಸಬೇಕೆಂದು ನನ್ನ ತಂಗಿ ಗುರುಸಿದ್ದವ್ವನ ಹಟ. "ಎದುರಿನವ್ರು ಸೋತಾಗೆಲ್ಲಾ ನಮ್ಮನ್ಯಾಗ ಹೋಳಿಗಿ ಮಾಡೇವಿ ಅಣ್ಣಾ. ಸಹಿ ಮಾಡಬ್ಯಾಡ ಅಂತ ಬರಿ. ನಿನ್ನ ಶಾಣ್ಯಾತನ ಬರೀಬ್ಯಾಡ, ಕಾಗದ ಸಾಲೂದಿಲ್ಲ" ಎಂದಳು. ಬೇಡ ಎಂದು ಬರೆಯಲೆಂದೇ ಕುಳಿತಿದ್ದೇನೆ. ಮೊದಲು ಕೆಲಸ ಎಂಥದೆಂದು ಕೇಳು.

ನಾವು ಕೊಂಡು ಮಾರುವುದು ನೆರಳು. ಮಧ್ಯಾಹ್ನ ಊರುಗಳ ಮೇಲೆ ಆಕಾಶಚಾಪೆ ಎಳೆಯುತ್ತಾರೆ. ಮೋಡದೆತ್ತರದಲ್ಲಿ ತೇಲುವ, ಊರಗಲದ ಬಟ್ಟೆ ಅದು. ಯಾವ ಊರಿಗೆ ಎಷ್ಟು ತಾಸು ನೆರಳೆಂದು ಪಾಲಿದೆ. ಮದುವೆಯಿರುವ ಊರಿಗೆ ಹೆಚ್ಚು ಬೇಕು, ಹಪ್ಪಳ ಒಣಹಾಕಿದ ಊರಿಗೆ ಕಡಿಮೆ ಸಾಕು. ಬೇಕೆಂದವರಿಗೆ ಮಾರಲು, ಸಾಕೆಂದವರಿಂದ ಕೊಳ್ಳಲು ನಾವು ಸದಾ ತಯಾರು. ನಾಳೆಯ ನೆರಳಿಗೆ ಇಂದೇ ಬೆಲೆ ಹೇಳುವ ಧೈರ್ಯವೇ ನಮ್ಮ ಕಸುಬು. ನಿಮ್ಮಂತೆ ಪರದೆಗಳಿಲ್ಲ. ಪರದೆಯ ಬೆಲೆಯನ್ನು ಯಂತ್ರಗಳು ನಮಗಿಂತ ಮೊದಲೇ ಓದಿದವು, ಆಮೇಲೆ ನಮ್ಮ ಮುಖವನ್ನೂ ಓದತೊಡಗಿದವು. ಕೊನೆಗೆ ಉಳಿದದ್ದು ದನದ ಸಂತೆಯ ದಲ್ಲಾಳಿಗಳ ಹಳೆಯ ಪದ್ಧತಿಯೇ: ಇಬ್ಬರ ಕೈ ಮೇಲೆ ವಸ್ತ್ರ ಹೊದಿಸಿ, ಒಳಗೆ ಬೆರಳು ಹಿಡಿದು ಬೆಲೆ ಹೇಳುವುದು. ತಲೆಗೆ ಮುಸುಕು. ಹೆಸರು ಹೇಳುವಂತಿಲ್ಲ. ಹೆಸರು, ಬೆಲೆ ಎರಡನ್ನು ಬಿಟ್ಟು ಬಾಯಲ್ಲಿ ಏನು ಬೇಕಾದರೂ ಆಡಬಹುದು. ಆದ್ದರಿಂದ ಒಂದೊಂದು ಹಲಗೆಯ ಆಚೆ ಈಚೆ ಇಬ್ಬಿಬ್ಬರು ಕೂರುವ ನಮ್ಮ ಪೇಟೆಯಾದ ಹಲಗೆಮನೆಯಲ್ಲಿ ದಿನವೆಲ್ಲ ಹರಟೆ. ಬಾಯಿ ಬೀಗರ ಮನೆಯ ಸುದ್ದಿ ಹೇಳುತ್ತಿರುವಾಗಲೇ ಬೆರಳು ಒಂದು ಊರಿನ ನೆರಳು ಕೊಂಡಿರುತ್ತದೆ. ಅಲ್ಲಿ ನನ್ನಂಥ ಕೈ ಇನ್ನೊಂದಿರಲಿಲ್ಲ.

ಸುಳ್ಳು. ಇನ್ನೊಂದಿತ್ತು.

ಏಳನೇ ಹಲಗೆಯ ಆಚೆ ಕೂರುತ್ತಿದ್ದವಳು ಬೇರೊಂದು ಸ್ವಂತಗಂಟಿನ ಮನೆಯ ಕೆಲಸದವಳು. ಹದಿನಾಲ್ಕು ವರ್ಷ ಅವಳ ಕೈ ಹಿಡಿದಿದ್ದೇನೆ, ಮುಖ ಒಮ್ಮೆಯೂ ನೋಡಿಲ್ಲ. ಹೆಬ್ಬೆರಳ ಬುಡದಲ್ಲಿ ರೊಟ್ಟಿಯ ಹಂಚು ಸುಟ್ಟ ಕಲೆ, ಮುಟ್ಟಿದರೆ ನುಣುಪು. "ಏನ್ರೀ ಜಂಬದಪ್ಪ, ಕೈ ತಣ್ಣಗದಾವು. ಮನ್ಯಾಗ ಭಾಂಡೆ ತಿಕ್ಕಿಸಿದ್ರೇನು?" ಎನ್ನುವಳು. "ತಿಕ್ಕಸಾಕ ಯಾರದಾರ್ರೀ? ನಾನೂ ಒಬ್ಬ, ತಾಟೂ ಒಂದು" ಎನ್ನುವೆ. "ಹಂಗಾದ್ರ ಎರಡನೇ ತಾಟು ತರ್ರಿ, ಮುಂದಿಂದು ನೋಡೂಣು" ಎಂದು ನಗುತ್ತಲೇ ಒಳಗೆ ನನ್ನ ಮೂರು ಬೆರಳು ಒತ್ತಿ ಸವಣೂರಿನ ನಾಳೆಯ ನೆರಳನ್ನೆಲ್ಲ ಎತ್ತಿಕೊಂಡಿರುವಳು. ಅವಳಿಗೆ ಸೋತ ದಿನ ಸೀಟಿ ಹೊಡೆಯುತ್ತ ಮನೆಗೆ ಹೋಗುತ್ತಿದ್ದೆ. ಎರಡನೇ ತಟ್ಟೆಯನ್ನು ಆ ವಾರವೇ ತಂದೆ. ತಂದಿದ್ದೇನೆಂದು ಹೇಳಲು, ಇಷ್ಟು ಮಾತಿನ ಮಲ್ಲನಿಗೆ, ಉಳಿದ ವರ್ಷಗಳು ಸಾಲಲಿಲ್ಲ.

ಒಂದು ಬುಧವಾರ ಅವಳ ಬೆರಳು ನಾನು ಬೆಲೆ ಹೇಳುವ ಮೊದಲೇ ಒತ್ತಿತು. ಎಂದೂ ಹಾಗೆ ಮಾಡಿದವಳಲ್ಲ. ಅಂಗೈ ಬೆವತಿತ್ತು, ಮಣಿಕಟ್ಟಿನ ನಾಡಿ ಓಡುತ್ತಿತ್ತು. ಬಾಯಿ ಮಾತ್ರ ಎಂದಿಗಿಂತ ಜೋರು: "ತಂಗೀ ಕೂಡ ಜಗಳಾ ಮುಗೀತೇನ್ರೀ ಜಂಬದಪ್ಪ?" ನನಗೆ ಎಲ್ಲ ತಿಳಿಯಿತು. ಮೋಡ ಬರುತ್ತದೆಂಬ ಸುದ್ದಿಗೆ ನೆರಳಿನ ಬೆಲೆ ಬಿದ್ದಿತ್ತು. ಅವಳು ಮಿತಿಮೀರಿ ಕೊಂಡು ಕುಳಿತಿದ್ದಾಳೆ, ಇಂದು ಒಳ್ಳೆಯ ಬೆಲೆಗೆ ಮಾರದಿದ್ದರೆ ಅವಳ ಕೆಲಸ ಹೋಗುತ್ತದೆ. ಆ ಮೋಡ ಉಳಿಯುವುದಿಲ್ಲ, ಬೆಲೆ ಮತ್ತೆ ಏರುತ್ತದೆಂದು ನಾನು ಬಲ್ಲೆ. "ಅಂಗೈ ಯಾಕ ಬೆವತೈತಿ?" ಎಂದು ಕೇಳಬಹುದಿತ್ತು, ಅದನ್ನು ಯಾವ ನಿಯಮವೂ ತಡೆದಿರಲಿಲ್ಲ. ನಾನು ಒಂದು ಬೆರಳು ಮಡಚಿ ಬೆಲೆ ಇಳಿಸಿದೆ. ಒಪ್ಪಿದಳು. ಇನ್ನೊಂದು ಮಡಚಿದೆ. ಅದಕ್ಕೂ ಒಪ್ಪಿದಳು. ವ್ಯಾಪಾರ ಮುಗಿದ ಮೇಲೂ ಅವಳ ಕೈ ಸ್ವಲ್ಪ ಹೊತ್ತು ನನ್ನ ಕೈಯಲ್ಲೇ ಇತ್ತು. ಮನೆಯವರಿಗೆ ಹೇಗೆ ಬಣ್ಣಿಸಲಿ ಎಂದು ನಾನು ಯೋಚಿಸುತ್ತಿದ್ದೆ.

ಮರುದಿನ ವಸ್ತ್ರದಡಿ ಬಂದದ್ದು ಉಂಗುರ ಹಾಕಿದ ದಪ್ಪ ಕೈ. "ನಿನ್ನಿ ಇದ್ದವ್ರು ಎಲ್ಲೆದಾರ್ರೀ?" ಎಂದೆ. "ಆಕಿನ್ನ ಬಿಡಿಸ್ಯಾರ್ರೀ. ಎಲ್ಲಿ ಹ್ವಾದ್ಲೋ, ಯಾರಿಗ್ಗೊತ್ತು?" ಎಂದ. ಆ ವಾರ ಮೋಡ ಚದುರಿತು. ಹಲಗೆಮನೆಯ ಇತಿಹಾಸದಲ್ಲೇ ಅಂಥ ಲಾಭ ಯಾರೂ ಮಾಡಿಲ್ಲ. ತಂಗಿಯ ಮನೆಯಲ್ಲಿ ಹೋಳಿಗೆ ಬಡಿಸಿದರು, ನಾನು ಎಲೆ ಬಿಟ್ಟು ಎದ್ದೆ.

ಹೆಸರಿಲ್ಲ, ಮುಖವಿಲ್ಲ, ಹೇಗೆ ಹುಡುಕಲಿ? ಹಲಗೆಮನೆ ಬಿಟ್ಟು ಬಳೆಗಾರನಾದೆ. ಹನ್ನೊಂದು ವರ್ಷದಿಂದ ಸುತ್ತಲ ನಲವತ್ತು ಊರುಗಳಲ್ಲಿ ಬಳೆ ತೊಡಿಸುತ್ತಿದ್ದೇನೆ. ಒಂದೂ ಒಡೆಯದಂತೆ ಏರಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಪ್ರತಿ ಕೈಯ ಹೆಬ್ಬೆರಳ ಬುಡ ಸವರಿ ನೋಡುತ್ತೇನೆ. "ಏ ಉಳವಪ್ಪಾ, ಕೈ ಬಿಡೋ! ಬಳಿ ಏರಿ ಎಷ್ಟೊತ್ತಾತು!" ಎಂದು ಮುದುಕಿಯರು ಗದರುತ್ತಾರೆ, ಬಿಡುತ್ತೇನೆ. ಈ ನನ್ನ ಒಂದೇ ಕಾಗದವನ್ನೂ ಅವಳಿಗೆ, ಆ ಬುಧವಾರದ ಹಿಂದಿನ ದಿನಕ್ಕೆ ಬರೆಯಬೇಕೆಂದಿದ್ದೆ. "ಹೆಸರು ಹೇಳ್ರಿ" ಎಂದರು ಅಂಚೆಯವರು.

ಈಗ ನಿನ್ನ ವಿಷಯ. ಗುರುಸಿದ್ದವ್ವನ ಮಾತು ಸರಿ, ಮಗಳೇ. ನಿನ್ನ ಪರದೆಯಲ್ಲಿ ಎದುರಿನವರ ಬೆವರು ಕೂಡ ತಾಕುವುದಿಲ್ಲ. ಜಾಣೆ ನೀನು, ಗೆಲ್ಲುತ್ತೀಯ. ನೀನು ಗೆದ್ದ ದಿನ ಯಾರು ಕುರ್ಚಿ ಬಿಟ್ಟು ಎದ್ದು ಹೋದರೆಂದು ನಿನಗೆ ಯಾರೂ ಹೇಳುವುದಿಲ್ಲ. ನೀನು ಸಹಿ ಮಾಡದಿದ್ದರೆ ನಮ್ಮ ಮನೆ ಏಳುವುದಿಲ್ಲ. ನಾನು ಎಲ್ಲೋ ಹುಟ್ಟಿ, ಹಪ್ಪಳ ಮಾರಿಕೊಂಡು, ಹೊಟ್ಟೆ ತುಂಬ ಜಂಬ ಕೊಚ್ಚಿಕೊಂಡು ಸುಖವಾಗಿರುತ್ತೇನೆ. ಆ ಬುಧವಾರ ಅವಳ ಎದುರು ಬೇರೆ ಯಾರೋ ಕೂತು ಒಂದು ಮಾತು ಕೇಳಬಹುದು, ಅವಳ ಕೆಲಸ ಉಳಿಯಬಹುದು. ಇಷ್ಟೆಲ್ಲ ತಿಳಿದೂ "ಬೇಡ" ಎಂದು ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದ್ದೇನೆ.

ತಂಗಿಗೆ ಬೇಡವೆಂದೇ ಬರೆದೆನೆಂದು ಹೇಳುತ್ತೇನೆ. ನಿನ್ನ ಮಾವ ಸ್ವಾರ್ಥಿ ಎಂಬುದನ್ನು ನೆನಪಿಟ್ಟುಕೊಂಡು ಸೋಮವಾರ ನಿನ್ನ ಮನಸ್ಸಿಗೆ ಬಂದಂತೆ ಮಾಡು. ನನ್ನನ್ನು ಕೇಳಿದರೆ, ಅವಳಿಗೆ ಅನ್ಯಾಯವೆಂದು ಗೊತ್ತಿದ್ದೂ ಹೇಳುತ್ತೇನೆ: ಸಹಿ ಮಾಡು. ಆ ಬುಧವಾರದವರೆಗಿನ ಒಂದು ದಿನವನ್ನೂ ನಾನು ಬಿಟ್ಟುಕೊಡಲಾರೆ.

ಇಂತು ನಿನ್ನ
ಉಳವಪ್ಪ ಮಾವ