ಎರಡೂ ಬಲಗೈ ತೋಳು

ಡಾಕ್ಟರಮ್ಮನವರಿಗೆ ನಿಮ್ಮ ಹಳೆಯ ಪೇಷಂಟು ಮಾಡುವ ನಮಸ್ಕಾರ.

ನನ್ನ ಹೊಟ್ಟೆಯ ಒಳಗನ್ನೇ ಕಂಡವರು ನೀವು, ನಿಮ್ಮ ಹತ್ತಿರ ಇನ್ನೆಂಥ ಸಂಕೋಚ? ಆದರೂ ಈ ಪತ್ರ ಬರೆಯಲು ಎರಡು ವರ್ಷ ಬೇಕಾಯಿತು. ಆಸ್ಪತ್ರೆಯ ಎದುರು ಮೂಲೆಯಲ್ಲಿರುವ ಟೈಲರ್ ಅಂಗಡಿಯವನು ನಾನು. ಕಲ್ಲು ತುಂಬಿದ್ದ ಪಿತ್ತಕೋಶ ತೆಗೆಸಿಕೊಳ್ಳಲು ಬಂದಿದ್ದೆ. "ನಾಲ್ಕು ಸಣ್ಣ ತೂತು ಅಷ್ಟೇ, ಮೂರನೇ ದಿನ ಮನೆಗೆ ಹೋಗ್ತೀರಿ" ಅಂದಿದ್ದಿರಿ. ಎಚ್ಚರವಾದಾಗ ಪಕ್ಕೆಲುಬಿನ ಕೆಳಗೆ ಗೇಣುದ್ದದ ಹೊಲಿಗೆ. ಪಕ್ಕದಲ್ಲೊಂದು ಕೊಳವೆ, ಅದರ ತುದಿಯ ಚೀಲದಲ್ಲಿ ಹಸಿರು ಬೆರೆತ ಹಳದಿ ನೀರು.

ನೀವು ಸ್ಟೂಲ್ ಎಳೆದುಕೊಂಡು ಕೂತಿರಿ. ನನ್ನ ಮಗಳಿಗಿಂತ ಚಿಕ್ಕವರು. "ಪಿತ್ತಕೋಶದ ಸಣ್ಣ ನಾಳ ಕತ್ತರಿಸಬೇಕಿತ್ತು. ಊತದಲ್ಲಿ ಗುರುತು ಸಿಗದೆ, ಲಿವರ್‌ನಿಂದ ಕರುಳಿಗೆ ಪಿತ್ತ ಹೋಗೋ ದೊಡ್ಡ ನಾಳಾನೇ ಕತ್ತರಿಸಿಬಿಟ್ಟೆ. ಪಿತ್ತ ಸೋರಿದ್ದು ಕಂಡ ತಕ್ಷಣ ಹೊಟ್ಟೆ ತೆರೆದು ನೋಡ್ದೆ. ತಪ್ಪು ನಂದೇ. ಅದನ್ನ ಸೇರಿಸೋ ಕೆಲಸ ದಿನಾ ಅದನ್ನೇ ಮಾಡೋರು ಮಾಡಬೇಕು, ನಾನು ಕೈ ಹಾಕಲ್ಲ" ಅಂದಿರಿ. ಅವತ್ತೇ ಆಂಬುಲೆನ್ಸಿನಲ್ಲಿ ನನ್ನ ಜೊತೆ ದೊಡ್ಡ ಆಸ್ಪತ್ರೆಗೆ ಬಂದಿರಿ. ಪ್ರತಿ ತಿರುವಿನಲ್ಲೂ ಆ ಚೀಲ ಅಲುಗದ ಹಾಗೆ ಕೈಯಲ್ಲಿ ಹಿಡಿದುಕೊಂಡಿದ್ದಿರಿ.

ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಎರಡು ಸಲ ಜ್ವರ ಏರಿತು, ಕಣ್ಣು ಹಳದಿಯಾಯಿತು, ಮೂರು ತಿಂಗಳು ಮಿಷನ್ ತುಳಿಯಲಿಲ್ಲ. ನನ್ನ ಹೆಂಡತಿಯಂತೂ ಕಾರಿಡಾರಿನಲ್ಲಿ ನಿಮ್ಮನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಆದರೆ ನಾಳವನ್ನು ಕರುಳಿಗೆ ಜೋಡಿಸಿದ ದೊಡ್ಡ ಡಾಕ್ಟರು ಒಂದು ಮಾತು ಹೇಳಿದರು: "ಆ ಹುಡುಗಿ ತಪ್ಪು ಮುಚ್ಚಿಡೋಕೆ ತಾನೇ ಹೊಲಿಯೋಕೆ ಹೋಗಿದ್ರೆ ನಿಮ್ಮ ಕಥೆ ಬೇರೆ ಆಗ್ತಿತ್ತು."

ಆ ಮಾತು ನನಗೆ ಚುಚ್ಚಿತು. ಯಾಕೆಂದರೆ ನಾನು ಮುಚ್ಚಿಟ್ಟವನು. ಇಪ್ಪತ್ತು ವರ್ಷದ ಹಿಂದೆ ಒಬ್ಬ ಮೇಷ್ಟ್ರು ತಮ್ಮ ಬೀಳ್ಕೊಡುಗೆ ದಿನಕ್ಕೆಂದು ತುಂಬು ತೋಳಿನ ಅಂಗಿಗೆ ಬಟ್ಟೆ ತಂದಿದ್ದರು. ಒಂದೇ ಮಗ್ಗುಲು ಹೊಳಪಿನ ಬಟ್ಟೆ. ಎರಡನೇ ತೋಳಿಗೆ ಅಳತೆಯ ಕಾಗದ ತಿರುಗಿಸಿ ಹಾಕುವುದನ್ನು ಮರೆತು ಎರಡೂ ತೋಳನ್ನು ಬಲಗೈಗೇ ಕತ್ತರಿಸಿಬಿಟ್ಟೆ. ಇದ್ದ ತುಂಡಿನಲ್ಲೇ ಅರ್ಧ ತೋಳು ಹೊಂದಿಸಿ, "ಬಟ್ಟೆ ಸಾಲಲಿಲ್ಲ ಮೇಷ್ಟ್ರೇ" ಅಂದೆ. ಪಾಪ, ಅವರು ನಂಬಿದರು. ಒಂದು ಅಂಗಿಯ ವಿಷಯದಲ್ಲಿ ನನಗೆ ಬಾರದ ಮಾತು, ಒಂದು ಜೀವದ ವಿಷಯದಲ್ಲಿ ನಿಮಗೆ ಬಂತು. ಹೊಲಿಗೆ ಮಾಗಿದ ಮೇಲೆ ಮೇಷ್ಟ್ರ ಮನೆಗೆ ಹೋಗಿ ನಿಜ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. "ಅಯ್ಯೋ ಮಾರಾಯ, ಅದಕ್ಕೇನಾ ಅವತ್ತು ನಂಗೆ ಅಷ್ಟು ಚಳಿಯಾಗಿದ್ದು!" ಅವತ್ತು ನನ್ನ ಎದೆ ಹಗುರವಾಯಿತು. ಅದು ನಿಮ್ಮಿಂದ ಆದದ್ದು, ತಾಯಿ.

ಈಗ ಅಸಲು ವಿಷಯ. ಮೊನ್ನೆ ರಕ್ತ ಪರೀಕ್ಷೆಗೆ ಬಂದಾಗ ನರ್ಸಮ್ಮ ಹೇಳಿದರು, ನನ್ನ ನಂತರ ನೀವು ಒಂದೂ ಪಿತ್ತಕೋಶ ಮುಟ್ಟಿಲ್ಲವಂತೆ, ಬರುವವರನ್ನೆಲ್ಲ ಬೇರೆ ಡಾಕ್ಟರರ ಬಾಗಿಲಿಗೆ ಕಳಿಸುತ್ತೀರಂತೆ. ನಾನು ಗುಣವಾಗಿ ಓಡಾಡುತ್ತಿದ್ದೇನೆ, ನೀವು ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ ಅನ್ನಿಸಿತು.

ಹೋದ ವಾರ ನನ್ನ ಹೆಂಡತಿಗೆ ಹೊಟ್ಟೆನೋವು ಬಂತು. ಸ್ಕ್ಯಾನಿನಲ್ಲಿ ಕಲ್ಲು ಕಂಡಿವೆ, ತೆಗೆಸಲೇಬೇಕಂತೆ. ಮಗಳು ಬೇರೆ ಆಸ್ಪತ್ರೆ ಹುಡುಕುತ್ತಿದ್ದಳು. ಇವಳು ಒಪ್ಪಲಿಲ್ಲ. "ಅವರಿಗೇ ಬರೀರಿ. ಅವತ್ತು ಮುಖ ತಿರುಗಿಸಿದ್ದೆ, ಈಗ ಹೊಟ್ಟೇನೇ ಒಪ್ಪಿಸ್ತೀನಿ ಅಂತ ಬರೀರಿ" ಅಂದಳು. ಅವಳು ಹೇಳಿದ್ದನ್ನು ಹಾಗೇ ಬರೆದಿದ್ದೇನೆ.

ನಾಲ್ಕು ತೂತಿನಲ್ಲೇ ಮುಗಿಯಬೇಕು ಎಂಬ ಹಟ ನಮಗಿಲ್ಲ. ಗುರುತು ಸಿಗದಿದ್ದರೆ ನಿಲ್ಲಿಸಿ, ಹಿರಿಯರನ್ನು ಕರೆಯಿರಿ, ಬೇಕಾದರೆ ಹೊಟ್ಟೆ ತೆರೆದೇ ಮಾಡಿ. ನಾನೂ ಈಗ ಎರಡು ಸಲ ನೋಡದೆ ಕತ್ತರಿ ಹಾಕುವುದಿಲ್ಲ, ಹಾಗೆಂದು ಅಂಗಡಿಯನ್ನೂ ಮುಚ್ಚಿಲ್ಲ.

ಸೋಮವಾರ ಬೆಳಿಗ್ಗೆ ಚೀಟಿ ಮಾಡಿಸಿಕೊಂಡು ನಿಮ್ಮ ಬಾಗಿಲ ಮುಂದೆ ಕೂತಿರುತ್ತೇವೆ. ಬೇರೆ ಬಾಗಿಲು ತೋರಿಸಬೇಡಿ.

ನಿಮ್ಮ ಕೈಗೆ ಒಳ್ಳೆಯದಾಗಲಿ, ಆ ಕೈ ನೂರು ಜನರ ನೋವು ಕಳೆಯಲಿ ಎಂದು ಹರಸುವ,

ಮೂಲೆ ಅಂಗಡಿಯ ಟೈಲರ್