ಗುಬುಟಕ್ಕೆ ಕೊಂಬಿಲ್ಲ

ಬಿಳಿಚೋಡು
22 ಜೂನ್ 2025

ಪ್ರೀತಿಯ ಮಮತಕ್ಕ,

ನೀನು, ಭಾವ, ನನ್ನ ಬೆಣ್ಣೆ ಉಂಡೆ ಆದ್ಯಾ ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡೇ ಶುರು ಮಾಡುತ್ತೇನೆ. ಮೊದಲೇ ಬೈಯಬೇಡ. ಮದುವೆಯಾಗಿ ಹೋದವಳು ಅಕ್ಕನನ್ನು ಮರೆತೇಬಿಟ್ಟಳು ಅಂತ ನೀನು ಅಮ್ಮನ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಅಕ್ಕ, ಈ ಮನೆಯಲ್ಲಿ ನನ್ನ ಫೋನು ನನ್ನದಲ್ಲ. ಅತ್ತೆ ಅದರಲ್ಲಿ ಧಾರಾವಾಹಿ ನೋಡುತ್ತಾರೆ, ಮಾವ ಮೆಕ್ಕೆಜೋಳದ ರೇಟು ನೋಡುತ್ತಾರೆ, ಪಕ್ಕದ ಮನೆಯವರು ಬಂದು ನನ್ನ ಮದುವೆಯ ಫೋಟೊಗಳನ್ನು ನನಗೇ ತೋರಿಸಿ ಹೋಗುತ್ತಾರೆ. ನಿನ್ನ ಜೊತೆ ಮಾತಾಡಲು ಕೂತರೆ, ಸ್ಪೀಕರ್ ಹಾಕಮ್ಮ, ನಿಮ್ಮಕ್ಕನ್ನ ನಾವೂ ಮಾತಾಡಿಸ್ತೀವಿ ಅನ್ನುತ್ತಾರೆ. ಎಲ್ಲರೂ ಬಹಳ ಒಳ್ಳೆಯವರು. ಅದಕ್ಕೇ ಸಿಟ್ಟು ಮಾಡಲೂ ಆಗುವುದಿಲ್ಲ, ಮಾಡದೆ ಇರಲೂ ಆಗುವುದಿಲ್ಲ.

ಆದ್ದರಿಂದ ಈ ಕಾಗದ. ನನ್ನ ಕನ್ನಡ ಅಕ್ಷರ ನೋಡಿ ನಗಬೇಡ. ಇಂಗ್ಲಿಷ್ ಮೀಡಿಯಂಗೆ ಹಾಕಿದ್ದು ಅಪ್ಪ, ನಾನಾಗಿ ಹೋದದ್ದಲ್ಲ. ಇಂಗ್ಲಿಷಿನಲ್ಲೇ ಶುರು ಮಾಡಿದ್ದೆ. ಎರಡು ಸಾಲು ಬರೆದು ಓದಿದರೆ ನನ್ನ ಸಿಟ್ಟು ರಜಾ ಅರ್ಜಿಯ ಹಾಗೆ ಕಾಣಿಸಿತು. ಹರಿದು ಹಾಕಿದೆ.

ಸುದ್ದಿ ಏನೆಂದರೆ, ಮುಂದಿನ ತಿಂಗಳು ನಾವಿಬ್ಬರೂ ಜಗಳೂರಿನಲ್ಲಿ ಬಾಡಿಗೆ ಮನೆ ಮಾಡುತ್ತಿದ್ದೇವೆ. ಮಾರುತೇಶ್ ಕೆಲಸ ಮಾಡುವ ಪಶು ಆಸ್ಪತ್ರೆಗೆ ನಡೆದೇ ಹೋಗಬಹುದು. ಅತ್ತೆಯೇ ಹೇಳಿದ್ದು, ಗಾಡಿಯಲ್ಲಿ ಓಡಾಡಿ ಮಗ ಸೊರಗಿದ ಅಂತ. ಮನೆ ಪುಟ್ಟದು, ಚೆಂದ ಇದೆ, ನನಗೆ ತುಂಬಾ ತುಂಬಾ ಇಷ್ಟವಾಯಿತು. ಮಲಗುವ ಕೋಣೆಯಲ್ಲಿ ಒಂದು ಬೋಳು ಗೋಡೆ ಇದೆ. ಅಲ್ಲಿ ತೂಗುಹಾಕಲು ನೀನು ಒಂದು ಚಿತ್ರ ಬರೆದು ಕೊಡಬೇಕು. ಡ್ರಾಯಿಂಗ್ ಟೀಚರ್ ಅಕ್ಕನನ್ನು ಇಟ್ಟುಕೊಂಡು ನಾನು ಅಂಗಡಿಯ ಜಲಪಾತದ ಚಿತ್ರ ತರಬೇಕಾ? ನನಗೆ ಗುಬುಟದ ಚಿತ್ರ ಬೇಕು.

ಗುಬುಟ ಯಾರು ಅಂತ ನಿನಗೆ ಹೇಳಿಲ್ಲ. ಯಾರಿಗೂ ಹೇಳಿರಲಿಲ್ಲ. ನಿಶ್ಚಿತಾರ್ಥವಾದ ಮೇಲೆ ಇವರು ದಿನಾ ಸಂಜೆ ಫೋನ್ ಮಾಡುತ್ತಿದ್ದರಲ್ಲ, ಮಾತು ಪೂರ್ತಿ ನನ್ನದೇ. ಒಂದು ದಿನ ರೇಗಿ, ನೀವೂ ಏನಾದರೂ ಹೇಳಿ ಅಂದೆ. ಗುಬುಟ ಅಂತ ಒಂದು ಜಾತಿ ಪ್ರಾಣಿ ಐತೆ, ಗೊತ್ತಾ ಅಂದರು. ಅಕ್ಕ, ನಾನು ಅಲ್ಲೇ ಕರಗಿ ನೀರಾದೆ. ಆಮೇಲೆ ದಿನಕ್ಕೊಂದು ಅಂಗ. ಮೇಕೆಮರಿಯಷ್ಟು ಎತ್ತರ. ಮೈ ಹುರಿದ ರಾಗಿಹಿಟ್ಟಿನ ಬಣ್ಣ, ಹೊಟ್ಟೆಯ ಹತ್ತಿರ ಸ್ವಲ್ಪ ತಿಳಿ. ಹಿಂಗಾಲು ಉದ್ದ, ಮುಂಗಾಲು ಗಿಡ್ಡ, ಅದಕ್ಕೇ ಗುಡ್ಡ ಹತ್ತುವಾಗ ಜಿಂಕೆ, ಇಳಿಯುವಾಗ ಉರುಳುವ ಕುಂಬಳಕಾಯಿ. ಕಿವಿ ಮುತ್ತುಗದ ಎಲೆಯಷ್ಟು ಅಗಲ, ಯಾರು ಎದುರಿಗಿದ್ದರೆ ಅವರ ಕಡೆ ತಿರುಗುತ್ತದೆ. ಮೂಗಿಲ್ಲ. ವಾಸನೆ ನೋಡುವುದು ಮೊಣಕಾಲಿನಲ್ಲಿ, ಅದಕ್ಕೇ ಹೂವು ಕಂಡರೆ ಮಂಡಿಯೂರುತ್ತದೆ. ಹೊಟ್ಟೆ ಅಂಗೈಯಷ್ಟು. ಬಾಲದ ತುದಿಯಲ್ಲಿ ಮೆತ್ತನೆ ಕುಚ್ಚು. ಕೊಂಬಿಲ್ಲ. ಇಷ್ಟೇ ಗುಬುಟ.

ಮದುವೆಯಲ್ಲಿ ಸೀರೆ ಅತ್ತೆ ಆರಿಸಿದ್ದು, ಓಲೆ ಅಮ್ಮ ಆರಿಸಿದ್ದು, ಛತ್ರ ಅಪ್ಪ. ಗಂಡನನ್ನೂ ಮೊದಲು ನೋಡಿ ಒಪ್ಪಿ ಬಂದದ್ದು ದೊಡ್ಡಪ್ಪ. ಎರಡು ಮನೆಯ ಯಾರ ಕೈಯೂ ತಾಗದೆ ನನಗೋಸ್ಕರವೇ ಹುಟ್ಟಿದ್ದು ಅಂತ ಇರುವುದು ಗುಬುಟ ಒಂದೇ. ಅದು ಇದ್ದ ಹಾಗೇ ಆ ಗೋಡೆಯ ಮೇಲೆ ಬರಬೇಕು, ಒಂದು ಕೂದಲೂ ಆಚೀಚೆ ಆಗಬಾರದು. ಇಷ್ಟು ಆಸೆ ಪಡುವುದು ತಪ್ಪಾ ಅಕ್ಕ? ಆದರೆ ಇವರು ಏನು ಮಾಡಿದರು ಗೊತ್ತಾ?

ಹೊಸ ಮದುಮಕ್ಕಳು ಅಂತ ಎಲ್ಲ ಕಡೆ ಊಟಕ್ಕೆ ಕರೆಯುತ್ತಿದ್ದಾರೆ. ಮೊದಲು ಹೊನ್ನಾಳಿ, ಮಾವನ ಅಕ್ಕ ಕರಿಬಸಮ್ಮನವರ ಮನೆ. ಅವರು ನನ್ನ ಎಲೆಗೆ ಹೋಳಿಗೆ ಮೇಲೆ ಹೋಳಿಗೆ ಹಾಕುತ್ತಿದ್ದರು. ನಾನು ಬೇಡ ಅನ್ನಲಾರದೆ ಒದ್ದಾಡುವುದನ್ನು ನೋಡಿ ಇವರು, ಸಾಕು ಬಿಡತ್ತೆ, ಅವಳದು ಗುಬುಟದ ಹೊಟ್ಟೆ ಅಂದುಬಿಟ್ಟರು. ಎಲ್ಲರ ಎದುರಿಗೆ. ನಾನು ಉಪ್ಪಿನಕಾಯಿಯನ್ನೇ ನೋಡುತ್ತಾ ಕೂತೆ. ಅದೇನೋ ಗುಬುಟ ಅಂದರೆ ಅಂತ ಅವರು ಕೇಳಿದರು, ಇವರು ಎಲ್ಲವನ್ನೂ ಹೇಳಿದರು.

ಕರಿಬಸಮ್ಮತ್ತೆ ಹೋಳಿಗೆ ತಟ್ಟೆ ಕೆಳಗಿಟ್ಟು ಕೂತರು. ಅದು ಎಷ್ಟು ಹಾಲು ಕೊಡುತ್ತದೆ ಅಂತ ಮೊದಲ ಪ್ರಶ್ನೆ. ಕೊಡುವುದಿಲ್ಲ ಅಂದೆ.

"ಹಾಲಿಲ್ಲ, ಕರಾ ಇಲ್ಲ, ಮತ್ತೆ ಯಾಕೆ ಕಟ್ಟಿಕೊಂಡೀರಿ?"

ಆಮೇಲೆ ಅವರು ಹೊಳೆಯ ವಿಚಾರಕ್ಕೆ ಬಂದರು. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ಈ ಗಿಡ್ಡ ಮುಂಗಾಲು ಇಟ್ಟುಕೊಂಡು ಏನು ಮಾಡುತ್ತದೆ, ಬಾತುಕೋಳಿ ಪಾದ ಹಾಕು ಅಂದರು. ಇವರು, ಹಾಕೋಣ ಬಿಡತ್ತೆ ಅಂದರು. ಅಕ್ಕ, ಹಾಕೋಣ ಬಿಡತ್ತೆ ಅಂತೆ. ಕೊಟ್ಟಿಗೆಗೆ ಶೀಟ್ ಹಾಕಿಸುವ ಹಾಗೆ.

ಎರಡನೆಯದು ನಮ್ಮ ಚನ್ನಗಿರಿಯೇ. ಆದ್ಯಾಗೆ ಜ್ವರ ಅಂತ ನೀನು ಬರಲಿಲ್ಲ, ಬಂದಿದ್ದರೆ ನನ್ನನ್ನು ಕಾಪಾಡುತ್ತಿದ್ದೆ. ಅಳಿಯ ಮಾತಾಡಲಿ ಅಂತ ಅಪ್ಪ ಏನೇನೋ ಕೇಳಿ, ಕೊನೆಗೆ ಇದೇ ವಿಷಯ ಎತ್ತಿದರು. ಹೊನ್ನಾಳಿಯಿಂದ ಚನ್ನಗಿರಿಗೆ ನಮಗಿಂತ ಮೊದಲು ಗುಬುಟ ಬಂದಿತ್ತು. ನನಗೆ ಒಂದು ಕಥೆ ಪುಸ್ತಕ ಕೊಡಿಸಲು ಮೂರು ಸಲ ಯೋಚಿಸಿದ ಅಪ್ಪ, ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಗಂಭೀರವಾಗಿ, ಕೊಂಬಿಲ್ಲದಿದ್ದರೆ ಯಾರೂ ಲೆಕ್ಕಕ್ಕೆ ಇಡಲ್ಲ, ಎರಡು ಕೊಂಬು ಇರಲಿ ಅಂದರು. ಇವರು ಆಗಲಿ ಮಾವ ಅಂದರು. ಅಮ್ಮ ಒಳಗಿನಿಂದ, ಅಷ್ಟು ದೊಡ್ಡ ಕಿವಿಗೆ ಓಲೆ ಹಾಕದೆ ಬೋಳು ಬಿಟ್ಟರೆ ನೋಡಿದವರು ಏನಂತಾರೆ ಅಂದಳು. ಇವರು ಅದಕ್ಕೂ ಆಗಲಿ ಅಂದರು. ಸಂತೇಬೆನ್ನೂರು ದಾಟುವವರೆಗೆ ನಾನು ಇವರ ಜೊತೆ ಮಾತಾಡಲಿಲ್ಲ. ಇವರು ಗಮನಿಸಲಿಲ್ಲ, ತಂಪಾಗಿ ಗಾಡಿ ಓಡಿಸಿದರು.

ಇಲ್ಲಿ ಬಿಳಿಚೋಡಿನಲ್ಲಂತೂ ಮಾವನವರು ಅದನ್ನು ಕುರಿ ವ್ಯಾಪಾರದ ಮಟ್ಟಕ್ಕೆ ತಂದರು. ಹಲ್ಲು ಎಷ್ಟು ಆಗ್ಯಾವೆ ಅಂತ ಮೊದಲು ಕೇಳಿದರು. ಆಮೇಲೆ ಮೈಮೇಲೆ ಸುಳಿ ಎಲ್ಲೈತೆ ಅಂತ. ಬೆನ್ನಿನ ನಡುವೆ ಸುಳಿ ಇದ್ದರೆ ಮನೆಗೆ ಆಗಿಬರಲ್ಲವಂತೆ, ಹಣೆಯಲ್ಲಿದ್ದರೆ ಅಡ್ಡಿಯಿಲ್ಲವಂತೆ. ಗುಬುಟಕ್ಕೆ ಸುಳಿಯೇ ಇಲ್ಲ ಮಾವ ಅಂದೆ. ಅವರು ಬಹಳ ಮರ್ಯಾದೆಯಿಂದ, ಕೂದಲಿದ್ದ ಮೇಲೆ ಸುಳಿ ಇರ್ತೈತೆ ತಾಯಿ, ನೀನು ಸರಿಯಾಗಿ ನೋಡಿಲ್ಲ ಅಂದರು. ಮೊಣಕಾಲಿನಲ್ಲಿ ವಾಸನೆ ನೋಡೋದಾದ್ರೆ ಕೆಸರಲ್ಲಿ ಮಂಡಿಯೂರಿದಾಗ ನೆಗಡಿ ಆಗಲ್ವಾ ಅಂತ ಮಗನನ್ನೇ ಕೇಳಿದರು. ಅಪ್ಪ ಮಗ ಇಬ್ಬರೂ ಅದರ ಔಷಧಿ ಬಗ್ಗೆ ಒಂದು ಲೋಟ ಚಹಾ ಮುಗಿಯುವವರೆಗೆ ಚರ್ಚೆ ಮಾಡಿದರು. ನನ್ನ ಗುಬುಟಕ್ಕೆ ನೆಗಡಿ, ನನಗೆ ತಲೆನೋವು.

ಅತ್ತೆ ತಿಪ್ಪಮ್ಮನವರಿಗೆ ಅದರ ಬಾಯಿಯ ಚಿಂತೆ. ಅದು ಹೆಂಗೆ ಕೂಗುತ್ತೆ ಅಂತ ಕೇಳಿದರು. ಆಗ ನನಗೂ ಹೊಳೆಯಿತು, ಇವರು ದನಿಯ ವಿಷಯ ಹೇಳಿಯೇ ಇರಲಿಲ್ಲ. ಕಳ್ಳ ಬಂದರೆ ಕೂಗಾಕಾದ್ರೂ ಒಂದು ದನಿ ಬ್ಯಾಡವಾ ಅಂದರು ಅತ್ತೆ. ಎಲ್ಲದಕ್ಕೂ ಆಗಲಿ ಆಗಲಿ ಅಂದ ಮನುಷ್ಯ ಇದೊಂದಕ್ಕೆ ಮಾತ್ರ, ಬ್ಯಾಡವ್ವ, ಗುಬುಟಕ್ಕೆ ದನಿ ಇಲ್ಲ ಅಂತ ಎದ್ದು ಹೋದರು. ಕೊಂಬಿಗೆ ಇಲ್ಲದ ಹಟ ದನಿಗೆ ಯಾಕೆ ಅಂತ ನಾನು ಆಗ ತಲೆ ಕೆಡಿಸಿಕೊಳ್ಳಲಿಲ್ಲ. ಒಂದಾದರೂ ಉಳಿಯಿತಲ್ಲ ಅಂತ ಖುಷಿಯೇ ಆಯಿತು.

ಮೊನ್ನೆ ಅತ್ತೆಯನ್ನೂ ಕರೆದುಕೊಂಡು ನ್ಯಾಮತಿಗೆ ಹೋಗಿದ್ದೆವು, ಅವರ ಅಣ್ಣ ಹಾಲೇಶಪ್ಪನವರ ಮನೆಗೆ. ಅಲ್ಲಿ ಯಾರೂ ಏನೂ ಸೇರಿಸಲಿಲ್ಲ. ಊಟ ಚೆನ್ನಾಗಿತ್ತು.

ಈಗ ನಿನ್ನ ಕೆಲಸ. ಮೇಲೆ ಬರೆದ ಹಾಗೆ ಬರೆ, ಅವರಿವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ಬಾತುಕೋಳಿ ಪಾದ ಬೇಡ, ಓಲೆ ಬೇಡ. ಅಪ್ಪ ನಿನಗೆ ಫೋನ್ ಮಾಡಿ ಕೊಂಬಿನ ಬಗ್ಗೆ ಹೇಳಿಯೇ ಹೇಳುತ್ತಾರೆ, ಹ್ಞೂಂ ಅಂದು ಸುಮ್ಮನಾಗು. ಕಣ್ಣು ನಿನ್ನಿಷ್ಟ, ಇವರು ಹೇಳಿಲ್ಲ.

ಆದ್ಯಾಗೆ ಚಿಕ್ಕಮ್ಮನ ನೂರು ಮುತ್ತು. ಜ್ವರ, ಕೆಮ್ಮು ಯಾವುದೂ ಹತ್ತಿರ ಬಾರದೆ ಎತ್ತರ ಬೆಳೆಯಲಿ, ನನಗಿಂತ ಸ್ವಲ್ಪ ಕಡಿಮೆ ಮಾತಾಡಲಿ. ಭಾವನಿಗೆ ನಮಸ್ಕಾರ ಹೇಳು. ನಿನ್ನ ಆಶೀರ್ವಾದ ನನ್ನ ತಲೆ ಮೇಲಿರಲಿ ಅಕ್ಕ.

ನಿನ್ನ ವಟವಟ ತಂಗಿ,
ಆಶಾ

ಇನ್ನೊಂದು ಮಾತು. ಸಹಿ ಹಾಕಿದ ಮೇಲೂ ಕಾಗದ ಮಡಿಸಲು ಕೈ ಬರುತ್ತಿಲ್ಲ. ನ್ಯಾಮತಿಯದು ಪೂರ್ತಿ ಬರೆಯಲಿಲ್ಲ.

ಹಾಲೇಶಪ್ಪ ಮಾವನಿಗೆ ಒಬ್ಬಳೇ ಮಗಳು, ಲಕ್ಷ್ಮೀದೇವಿ. ಅವಳು ಐದನೇ ಕ್ಲಾಸಿನಲ್ಲಿದ್ದಾಗಲೇ ತಾಯಿ ಹೋದರಂತೆ. ಈಗ ಮನೆ ಪೂರ್ತಿ ಅವಳದೇ ಕೈಯಲ್ಲಿದೆ. ಇಲ್ಲಿಯೂ ಇವರು ಬಾಯಿಬಿಡುವ ಮೊದಲು ನಾನೇ ಹೇಳಿಬಿಡೋಣ ಅಂತ, ಊಟಕ್ಕೆ ಕೂತಾಗ ಗುಬುಟದ ಒಂದೊಂದೇ ಅಂಗ ಒಪ್ಪಿಸಿದೆ. ಮಾವ ತುತ್ತು ಕೈಯಲ್ಲೇ ಇಟ್ಟುಕೊಂಡು ಮಗಳನ್ನು ನೋಡಿದರು. ಅವಳು ಅನ್ನ ಬಡಿಸುತ್ತಾ ಹೋದಳು. ಇವರು ಮುಖ ಎತ್ತಲಿಲ್ಲ.

ಆಮೇಲೆ ಅಡುಗೆಮನೆಯಲ್ಲಿ ನಾನು ತಮಾಷೆಗೆ, ಎಲ್ಲ ಮನೆಯವರೂ ಒಂದೊಂದು ಸೇರಿಸಿದ್ದಾರೆ, ನೀನೂ ಒಂದು ಹೇಳು ಅಂದೆ.

"ಇನ್ನೇನೂ ಬ್ಯಾಡಕ್ಕ. ಎಲ್ಲಾ ಸರಿಯಾಗಿ ಹೇಳಿದ್ರಿ, ಒಂದೂ ಬಿಟ್ಟಿಲ್ಲ."

ಸರಿಯಾಗಿದೆ ಅಂತ ನಿನಗೆ ಹೇಗೆ ಗೊತ್ತು ಅಂತ ಕೇಳಿದೆ. ಕೇಳಬಾರದಿತ್ತು. ತಾಯಿ ಹೋದ ಮೇಲೆ ಅವಳು ತಿಂಗಳುಗಟ್ಟಲೆ ಮಾತೇ ಆಡಿರಲಿಲ್ಲವಂತೆ. ಇವರು ಆಗ ಆ ಮನೆಯಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದರು. ಅವಳು ಮೊಣಕಾಲಿಗೆ ಮುಖ ಹುದುಗಿಸಿಕೊಂಡು ಕೂತರೆ ಊಟಕ್ಕೆ ಕರೆದರೂ ಎತ್ತುತ್ತಿರಲಿಲ್ಲ. ಇವರು ಪಕ್ಕದಲ್ಲಿ ಕೂತು, ನೀನು ಗುಬುಟದ ಜಾತಿ, ಮೊಣಕಾಲಿನಲ್ಲೇ ವಾಸನೆ ಗೊತ್ತಾಗುತ್ತೆ, ಇವತ್ತು ಏನು ಸಾರು ನೋಡು ಅಂದರಂತೆ. ಅದಕ್ಕೂ ದನಿ ಇಲ್ಲ, ಪರವಾಗಿಲ್ಲ, ಕಿವಿ ದೊಡ್ಡದೈತೆ ಅಂದರಂತೆ. ಬಾಲದ ಕುಚ್ಚು ಕಣ್ಣು ಒರೆಸಾಕೆ. ದೋಸೆಗೆ ಎಷ್ಟು ಅಕ್ಕಿ ನೆನೆಹಾಕಿದೆ ಅಂತ ಹೇಳುವ ಹಾಗೆ ಎಲ್ಲವನ್ನೂ ಹೇಳಿ, ಒಲೆಕಟ್ಟೆ ಒರೆಸಿ, ನನಗೆ ಎಲೆ ಅಡಿಕೆ ಕೊಟ್ಟಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟು ಪ್ರಯತ್ನಪಟ್ಟೆ ಅಂತೀಯ. ಆಗಲಿಲ್ಲ.

ಬರುವಾಗ ಬಸ್ಸಿನಲ್ಲಿ ಅತ್ತೆ ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕುತ್ತಾ, ಅವಳನ್ನೇ ತಂದುಕೊಳ್ಳಬೇಕಂತ ಇತ್ತು ಕಣಮ್ಮ, ಜಾತಕ ಕೂಡಲಿಲ್ಲ ಅಂದರು. ನನಗೆ ಮೊದಲೇ ಗೊತ್ತಿದೆ ಅಂದುಕೊಂಡಿದ್ದರು, ಪಾಪ.

ಮನೆಗೆ ಬಂದು ಇವರನ್ನು ಕೇಳಿದೆ. ಗುಬುಟ ಅವಳದಾ? ಹೌದು ಅಂದರು. ಸುಳ್ಳು ಹೇಳಲು ಬರುವುದಿಲ್ಲ ಈ ಮನುಷ್ಯನಿಗೆ. ಮತ್ತೆ ನನಗೆ ಯಾಕೆ ಹೇಳಿದಿರಿ?

"ನೀನು ಏನಾದ್ರೂ ಹೇಳಿ ಅಂದೆ. ನಂಗೆ ಬರೋ ಕತೆ ಅದೊಂದೇ."

ನನಗೋಸ್ಕರ ಅಂತ ಒಂದನ್ನೂ ಕಟ್ಟಬೇಕು ಅನ್ನಿಸಲಿಲ್ಲವಾ ಅಂದೆ. ನಿಜವಾಗಿ ಯೋಚನೆ ಮಾಡಿದರು, ಅಕ್ಕ, ಹಣೆ ಗಂಟಿಕ್ಕಿಕೊಂಡು. ಆಮೇಲೆ, ಅವಳು ಮಾತಾಡ್ತಿರಲಿಲ್ಲ, ಅದಕ್ಕೇ ಕಟ್ಟಿ ಹೇಳಬೇಕಾಯ್ತು, ನೀನೇ ಇಷ್ಟು ಮಾತಾಡ್ತೀಯಲ್ಲ, ನಾನು ಕೇಳಿಕೊಂಡು ಕೂತರೆ ಸಾಕಾಗುತ್ತೆ ಅಂದರು. ಇದು ಪ್ರೀತಿಯ ಮಾತೋ ಅಲ್ಲವೋ ನೀನೇ ಹೇಳು, ನನಗಂತೂ ತಿಳಿಯುತ್ತಿಲ್ಲ.

ಗುಬುಟ ಬರೆಯಬೇಡ. ಅದು ನ್ಯಾಮತಿಯಲ್ಲೇ ಇರಲಿ.

ಆವತ್ತಿನಿಂದ ನಾನು ಈ ಮನೆಯಲ್ಲಿ ಜಾಸ್ತಿ ಮಾತಾಡಿಲ್ಲ. ಅತ್ತೆ ನನ್ನ ಹಣೆ ಮುಟ್ಟಿ ನೋಡಿದರು. ನಿನ್ನೆ ಸಂಜೆ ಇವರು ಆಸ್ಪತ್ರೆಯಿಂದ ಬಂದು, ಕೈಕಾಲೂ ತೊಳೆಯದೆ ನನ್ನ ಪಕ್ಕದಲ್ಲಿ ಕೂತು, ಇನ್ನೊಂದು ಜಾತಿ ಐತೆ, ಅದಕ್ಕೆ ಎರಡು ನಾಲಿಗೆ, ಒಂದು ದಣಿದರೆ ಇನ್ನೊಂದು ಮಾತಾಡುತ್ತೆ ಅಂತ ಶುರು ಮಾಡಿದರು. ತಡವರಿಸುತ್ತಿದ್ದರು, ಅಲ್ಲಲ್ಲೇ ಕಟ್ಟುತ್ತಿದ್ದದ್ದು ಗೊತ್ತಾಗುತ್ತಿತ್ತು. ನಾನು ಆ ಕಡೆ ತಿರುಗಿ ಕೂತೆ. ಅದಕ್ಕೆ ಕಾಲು ಎಷ್ಟು ಅಂತ ಕೇಳಲಿಲ್ಲ. ಇನ್ನೂ ಕೇಳಿಲ್ಲ, ಅಕ್ಕ.