ಪರದೆಯ ಹಿಂದಿನ ತಾಯಮ್ಮ

ಶಿಕಾರಿಪುರ
೧೪ ಮೇ ೧೯೫೮, ಬುಧವಾರ

ಮಗಾ ರಂಗಪ್ಪಾ,

ನಿನ್ನ ಅಜ್ಜ ಸಣ್ಣಬೀರಪ್ಪ ಮನಸಾರೆ ಮಾಡುವ ಆಶೀರ್ವಾದ. ಮೈಯಲ್ಲಿ ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಹಾಸ್ಟೆಲ್ಲಿನಲ್ಲಿದ್ದ ಹಾಗೆ ಬರೀ ಕಾಫಿ ಕುಡಿದು ತಿರುಗುತ್ತೀಯೋ? ಭಾನುವಾರ ನಿನ್ನ ಗಂಟಲು ಕಟ್ಟಿದಂತೆ ಕೇಳಿಸಿತು. ಅಜ್ಜನಿಗೆ ಹೇಗೆ ಗೊತ್ತಾಯಿತು ಎಂದು ಗಾಬರಿ ಬೀಳಬೇಡ, ಹೇಳುತ್ತೇನೆ. ಮೊದಲು ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು. ಇಲ್ಲಿ ನಿನ್ನ ಅಪ್ಪ, ಅವ್ವ ಚೆನ್ನಾಗಿದ್ದಾರೆ. ನನ್ನ ಮಂಡಿ ನೋವು ಎಂದಿನಂತೆ ಇದೆ, ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು. ನೀನು ಸೊರಬದ ಹತ್ತಿರದ ಕುಪ್ಪಗಡ್ಡೆಯಲ್ಲಿ ಗೆಳೆಯ ಪುಟ್ಟಪ್ಪನ ಮನೆಯಲ್ಲಿ ಕೂತಿದ್ದೀಯ ಎಂದು ತಿಳಿಯಿತು. ನಮ್ಮ ಪಕ್ಕದ ಮನೆಯ ಮಾಸ್ತಪ್ಪ ಸೊರಬದ ಕಡೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಹೋದ ದೀಪಾವಳಿಗೆ ನಿನ್ನ ಅಜ್ಜಿ ತಾಯಮ್ಮ ತೀರಿಕೊಂಡಾಗ ನೀನು ಬಂದೆ, ಮಣ್ಣು ಹಾಕಿದೆ, ಮಾರನೆಯ ದಿನವೇ ಮೈಸೂರಿನ ದಾರಿ ಹಿಡಿದೆ. ಆಮೇಲೆ ಈ ಹೊಸ್ತಿಲು ತುಳಿಯಲಿಲ್ಲ. ಒಂದು ರಜಕ್ಕೆ ಪರೀಕ್ಷೆ ಎಂದೆ, ಇನ್ನೊಂದು ರಜಕ್ಕೆ ತಾಲೀಮು ಎಂದೆ. ನಾನು ಬಾಯಿ ಬಿಟ್ಟು ಹೇಳುತ್ತೇನೆ ಕೇಳು, ನನಗೆ ಹೊಟ್ಟೆ ಉರಿಯಿತು. ಅಜ್ಜಿಯನ್ನು ಮರೆತ, ಇವನಿಗೆ ಈಗ ಕಂಬಳಿ ವಾಸನೆ ಆಗಿಬರುವುದಿಲ್ಲ, ಊರೂರು ತಿರುಗಿ ಹಲ್ಲು ಕಿರಿಯುವುದೇ ದೊಡ್ಡದಾಯಿತು ಎಂದು ನಿನ್ನ ಅವ್ವ ಹಾಲಮ್ಮನ ಮುಂದೆ ದಿನಾ ಬೈದೆ. ಅವಳು ಪಾಪ, ನಿನ್ನ ಪರ ಒಂದು ಮಾತು ಆಡಿ ನನ್ನಿಂದ ಇನ್ನೆರಡು ಬೈಸಿಕೊಳ್ಳುತ್ತಿದ್ದಳು.

ಹೀಗಿರುವಾಗ ಭಾನುವಾರ ನಿಮ್ಮ ನಗೆ ಮೇಳ ನಮ್ಮೂರಿಗೆ ಆಟ ಆಡಲು ಬಂತು, ಅದರ ಮುಖಂಡ ಗುರುಮಲ್ಲಪ್ಪ ನನ್ನನ್ನು ಕರೆಯಲು ಮನೆಗೆ ಬಂದ. ಉದ್ದನೆಯ ಹುಡುಗ, ಮಾತು ಬೆಣ್ಣೆ. ನಿಮ್ಮ ಕಾಲೇಜು ಮೇಳದ ಸಂಪ್ರದಾಯಗಳನ್ನೆಲ್ಲ ನನಗೆ ಒಪ್ಪಿಸಿದ. ಹೊಸದಾಗಿ ಸೇರಿದವನೇ ರಂಗದ ಕಸ ಗುಡಿಸಬೇಕಂತೆ. ಮಾತು ಬರೆದಿಟ್ಟುಕೊಳ್ಳುವ ಹಾಗಿಲ್ಲವಂತೆ. ಯಾರ ಊರಿಗೆ ಹೋದರೂ ಆ ಹುಡುಗನ ಮನೆಯ ಹಿರಿಯರನ್ನೇ ಅಣಕಿಸಬೇಕಂತೆ, ಆ ಹಿರಿಯರು ಈರುಳ್ಳಿ ಹಾರ ಹಾಕಿಕೊಂಡು ಎದುರಿಗೆ ಕುರ್ಚಿಯಲ್ಲಿ ಕೂರಬೇಕಂತೆ. ನೋಡುವವರಲ್ಲಿ ಯಾರಾದರೂ ಮಾತಿಗೆ ಮಾತು ಕೊಟ್ಟರೆ ಅದೂ ನಾಟಕವೇ, ಅದಕ್ಕೆ ಉತ್ತರ ಕೊಟ್ಟೇ ಮುಂದಕ್ಕೆ ಹೋಗಬೇಕಂತೆ. ಇಂಥ ಕೆಲಸಕ್ಕೆ ವಿಶ್ವವಿದ್ಯಾನಿಲಯ ಬೇಕಾ ಎಂದು ಕೇಳಿದೆ. 'ಬೇಕ್ರೀ ಅಜ್ಜಾರೇ, ಪಾಠ ಬ್ಯಾಸರ ಆಗ್ತದಲ್ರೀ' ಎಂದ. ನನಗೂ ನಗು ಬಂತು, ಬರುತ್ತೇನೆ ಎಂದುಬಿಟ್ಟೆ. ನೀನು ಬಂದಿದ್ದೀಯಾ ಎಂದು ಕೇಳಿದರೆ ಮಾತ್ರ ಅವನು ತಲೆ ಕೆರೆದುಕೊಂಡ.

ದೀಪ ಹಚ್ಚುವ ಹೊತ್ತಿಗೆ ಶಾಲೆಯ ಬಯಲಿಗೆ ಹೋದೆ. ಕೆರೆಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಗ್ಯಾಸ್ ಲೈಟು ಸುಯ್ ಎನ್ನುತ್ತಿತ್ತು. ಕೊರಳಿಗೆ ಈರುಳ್ಳಿ ಹಾರ ಬಿತ್ತು, ಕಣ್ಣಲ್ಲಿ ನೀರು. ಪರದೆ ಸರಿದರೆ ಏನಿದೆ? ನಮ್ಮ ಕುರಿದೊಡ್ಡಿ! ಕಂಬಳಿ ಹೊದ್ದ ಹುಡುಗರು ನಾಲ್ಕು ಕಾಲಿನ ಮೇಲೆ ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದಾರೆ, ಗುರುಮಲ್ಲಪ್ಪ ನನ್ನ ಹಾಗೆ ರುಮಾಲು ಸುತ್ತಿ, ಬೆರಳು ಆಡಿಸುತ್ತ ಎಣಿಸುತ್ತಿದ್ದಾನೆ. ಎಣಿಕೆ ಇನ್ನೇನು ಮುಗಿಯಬೇಕು, ಸೀರೆ ಉಟ್ಟ ಪುಟ್ಟಪ್ಪ ಬಂದು 'ಏನ್ರೀ, ಉಪ್ಪು ತಂದ್ರಾ?' ಎನ್ನುತ್ತಾನೆ. ಎಣಿಕೆ ತಪ್ಪಿತು. ಕುರಿಗಳೆಲ್ಲ ಹೊರಗೆ, ಮತ್ತೆ ಮೊದಲಿನಿಂದ. ಮತ್ತೆ ಮುಗಿಯುವ ಹೊತ್ತಿಗೆ 'ಏನ್ರೀ, ಕರಿ ಕುರಿ ಕುಂಟ್ತದಲ್ರೀ, ನೋಡಿದ್ರಾ?' ಮತ್ತೆ ಹೊರಗೆ. ಜನ ಬಿದ್ದು ಬಿದ್ದು ನಕ್ಕರು. ನಿನ್ನ ಅಜ್ಜಿ ನನ್ನ ಜೀವ ತಿಂದದ್ದು ಹೀಗೆಯೇ ಅಲ್ಲವೇನೋ? ಬೇಕೆಂದೇ ತಪ್ಪಿಸುತ್ತಿದ್ದಳು ಮಹಾತಾಯಿ, ಹಗಲೆಲ್ಲ ಕುರಿ ಹಿಂದೆ ಹೋದವನ ಬಾಯಿಂದ ಎರಡು ಮಾತು ಕೇಳಬೇಕೆಂದು.

ನೋಡುತ್ತ ನೋಡುತ್ತ ನನಗೆ ಜನ ಕಾಣಿಸಲಿಲ್ಲ. ಬೆಳಕು ಮಂಜಾಯಿತು. ಆ ಹುಡುಗರು ನಿಜವಾಗಿ ಕುರಿಗಳಾದರು, ಅವುಗಳ ಕಾಲಿನ ಧೂಳು ಮೂಗಿಗೆ ಬಡಿಯಿತು, ಆ ಸಂಜೆ ಹಿಂದಿನ ಯಾವುದೋ ಸಂಜೆಯಾಯಿತು. ನಾನೂ ತುಟಿಯಲ್ಲೇ ಎಣಿಸುತ್ತಿದ್ದೆ. ಆಗ 'ಏನ್ರೀ, ಉಂಡ್ರಾ?' ಎಂದು ಕೇಳಿತು. ಅವಳದೇ ಧ್ವನಿ, ಕೊನೆಗೆ ಸ್ವಲ್ಪ ಎಳೆಯುವ ಅದೇ ಧ್ವನಿ. ನಾನು ಕುರ್ಚಿಯಿಂದ 'ಇನ್ನೂ ಇಲ್ಲ ಕಣೇ' ಎಂದುಬಿಟ್ಟೆ.

ಬಯಲಿಗೆ ಬಯಲೇ ನಕ್ಕಿತು. ಪುಟ್ಟಪ್ಪ ಸೆರಗು ಹಿಡಿದು ಕಲ್ಲಿನಂತೆ ನಿಂತ. ಸಂಪ್ರದಾಯದ ಪ್ರಕಾರ ಉತ್ತರ ಬರಬೇಕು, ಬರಲಿಲ್ಲ. ಆಗ ಬಂತು: 'ಹಂಗಾದ್ರೆ ಏಳ್ರೀ, ಮುದ್ದಿ ಆರಿ ಹೋಗ್ತದ.' ಪುಟ್ಟಪ್ಪನ ಬಾಯಿ ಮುಚ್ಚಿತ್ತು ಮಗಾ. ಧ್ವನಿ ಬಂದದ್ದು ಪರದೆಯ ಹಿಂದಿನಿಂದ, ಬಂದು ಕೊನೆಯಲ್ಲಿ ಒಡೆದುಹೋಯಿತು. ಆ ಮಾತು ಈ ಭೂಮಿಯ ಮೇಲೆ ನನಗೆ ಗೊತ್ತು, ನಮ್ಮ ಒಲೆಯ ಮುಂದೆ ಕೂತು ಉಂಡ ನಿನಗೆ ಗೊತ್ತು. ನಾನು ಹಾರದ ಸಮೇತ ಎದ್ದು ಪರದೆಯ ಹಿಂದಕ್ಕೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಗುರುಮಲ್ಲಪ್ಪ ಓಡಿಬಂದು 'ನಿಮ್ಮ ರಂಗಪ್ಪ ಸೊರಬದ ಬಸ್ಸಿಗೆ ಹೋದ್ರೀ ಅಜ್ಜಾರೇ. ಎಲ್ಲಾ ಊರಾಗೂ ಅಜ್ಜಿ ಧ್ವನಿ ಅವಂದೇ, ಪುಟ್ಟಪ್ಪ ಬರೀ ಬಾಯಿ ಆಡಸ್ತಾನ್ರೀ. ಅಜ್ಜಿ ಇಲ್ದ ಮನಿಗೆ ಹೆಂಗ ಹೋಗ್ಲೋ ಅಂತ ಅಳ್ತಾನ್ರೀ' ಎಂದ.

ಕಳ್ಳಾ! ಮನೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ ಬಂದು ತಿರುಗಿ ಹೋದೆಯಲ್ಲೋ. ಸಿಟ್ಟು ಬಂತು, ಅಳುವೂ ಬಂತು, ಈರುಳ್ಳಿಯ ಮೇಲೆ ಹಾಕಿ ತಪ್ಪಿಸಿಕೊಂಡೆ. ಮನೆಗೆ ಬಂದು ನಿನ್ನ ಅವ್ವನಿಗೆ, ಅವನು ಏನನ್ನೂ ಮರೆತಿಲ್ಲ ಕಣವ್ವಾ ಎಂದೆ. ಅಂದಿನಿಂದ ನಾನು ನೆಲದ ಮೇಲೆ ಇಲ್ಲ. ಕುರಿ ಹಿಂದೆ ನಡೆಯುತ್ತೇನೆ, ಎಲ್ಲಿಗೆ ಬಂದೆ ಎಂದು ಗೊತ್ತಾಗುವುದಿಲ್ಲ. ಯಾರಾದರೂ ಕರೆದರೆ ಎರಡನೇ ಸಲಕ್ಕೆ ಓ ಎನ್ನುತ್ತೇನೆ. ಇದು ದುಃಖವಲ್ಲ, ಸುಖ ಎಂದೇ ಹೇಳಬೇಕು.

ಪುಟ್ಟಪ್ಪನ ತಂದೆ ತಾಯಿಗೆ ನನ್ನ ಶರಣು ತಿಳಿಸು. ನಿನ್ನ ಮೇಳ ಬಿಡು ಎಂದು ನಾನು ಎಂದೂ ಹೇಳುವುದಿಲ್ಲ, ನಗಿಸು. ನಿನ್ನ ತಲೆಯ ಮೇಲೆ ನನ್ನ ಕೈ ಇದೆ, ಅವಳ ಕೈಯೂ ಇದೆ.

ನಿನ್ನ ಅಜ್ಜ,
ಸಣ್ಣಬೀರಪ್ಪ

ಮರೆತ ಮಾತು: ಮಾಸ್ತಪ್ಪ ಬಸ್ಸು ತಪ್ಪುತ್ತದೆ ಎಂದು ಬಾಗಿಲಲ್ಲಿ ಕುಣಿಯುತ್ತಿದ್ದಾನೆ, ಆದರೂ ಬರೆಯುತ್ತೇನೆ. ಇದು ನಿನ್ನೊಬ್ಬನ ಪಾಡು ಎಂದುಕೊಂಡಿದ್ದೀಯ. ಅವಳು ಹೋದ ಮೇಲೆ ನಮ್ಮ ಕೋಣೆಗೆ ನಾನೂ ಕಾಲಿಟ್ಟಿಲ್ಲ. ಜಗಲಿಯಲ್ಲೇ ಮಲಗುತ್ತೇನೆ. ಒಳಗೆ ಸೆಕೆ ಎಂದು ನಿನ್ನ ಅವ್ವನಿಗೆ ಹೇಳಿದ್ದೇನೆ, ಚಳಿಗಾಲದಲ್ಲೂ ಅದನ್ನೇ ಹೇಳಿದೆ. ನೀನು ಬಾ. ಬಾಗಿಲು ನೀನು ತೆಗೆ, ನಿನ್ನ ಹಿಂದೆ ನಾನು ಬರುತ್ತೇನೆ.